ಮೋಟಾರಿಗೆ ಮಣ್ಣು ಕೊಟ್ಟ ಸುದ್ದಿ

ದೊಡವಾಡ, ತಾ. ಬೈಲಹೊಂಗಲ
೧೯ ಫೆಬ್ರುವರಿ ೨೦೨೫, ಬುಧವಾರ

ಗೆಳೆಯ ಸುಭಾಸನಿಗೆ,

ದೊಡವಾಡದಿಂದ ಮುತ್ತಪ್ಪನ ನಮಸ್ಕಾರ. ಮೊದಲು 'ಶ್ರೀಮಾನ್ ಸುಭಾಸ ಸಾಹುಕಾರರಿಗೆ' ಎಂದು ಬಹುವಚನ ಹಚ್ಚಿ ಅರ್ಧ ಹಾಳೆ ಬರೆದಿದ್ದೆ. ಓದಿ ನೋಡಿದರೆ ಡಿಪೋ ಮ್ಯಾನೇಜರನಿಗೆ ರಜೆ ಕೇಳಿದ ಅರ್ಜಿಯ ಹಾಗಿತ್ತು. ಹರಿದು ಹಾಕಿದೆ. ಮಂದಿಯ ಎದುರಿಗೆ ನಿನ್ನನ್ನು 'ಸಣ್ಣ ಸಾವ್ಕಾರ್ರ' ಅನ್ನುತ್ತಿದ್ದೆ, ನಿಮ್ಮ ವಾಡೆ ಮನೆಯ ಹಿಂದಕ್ಕೆ ಹೋದ ಕೂಡಲೇ 'ಲೇ ಸುಭ್ಯಾ' ಅನ್ನುತ್ತಿದ್ದೆ. ಈ ಪತ್ರವನ್ನು ವಾಡೆಯ ಹಿಂದೆ ನಿಂತು ಬರೆಯುತ್ತಿದ್ದೇನೆ ಎಂದು ತಿಳಿದುಕೋ.

ತಡವಾಯಿತು, ಸಿಟ್ಟಾಗಬೇಡ ಎಂದು ಬರೆಯಬೇಕು. ಎಷ್ಟು ತಡ ಎಂದು ಬರೆಯಲು ನಾಚಿಕೆಯಾಗುತ್ತದೆ. ನೀವು ಊರು ಬಿಟ್ಟದ್ದು ಎಪ್ಪತ್ತೆಂಟರಲ್ಲಿ. ನಿಮ್ಮ ಅಪ್ಪಾಜಿ ಮಡಿವಾಳೆಪ್ಪ ಸಾಹುಕಾರರು ಪುಣೆಯಲ್ಲಿ ತೀರಿಕೊಂಡಾಗ ನೀನು ಕಳಿಸಿದ ಕಾರ್ಡೇ ಕೊನೆಯದು. ಅದಕ್ಕೆ ನಾನು ಉತ್ತರ ಬರೆದಿದ್ದೆ. ಆಮೇಲೆ ನೀನೂ ಇಲ್ಲ, ನಾನೂ ಇಲ್ಲ.

ನನ್ನ ಸುದ್ದಿ ಹೇಳಬೇಕೆಂದರೆ, ನಾನೂ ಅಪ್ಪನ ಹಾಗೆ ಸ್ಟೇರಿಂಗ್ ಹಿಡಿದೇ ಹೊಟ್ಟೆ ಹೊರೆದೆ. ಮೂವತ್ತೆರಡು ವರ್ಷ ಬೈಲಹೊಂಗಲ ಡಿಪೋದಲ್ಲಿ ಬಸ್ಸು ಓಡಿಸಿದೆ, ಹೆಚ್ಚಾಗಿ ಸವದತ್ತಿ ಮೇಲೆ ರಾಮದುರ್ಗದ ರೂಟು. ರಿಟೈರಾಗಿ ಬಹಳ ವರ್ಷವಾಯಿತು. ಮೊಣಕಾಲು ಎರಡೂ ಹೋಗಿವೆ. ಹೆಂಡತಿ ಭಾಗೀರಥಿ ತೀರಿಕೊಂಡು ಆರು ವರ್ಷವಾಯಿತು. ಮಗ ಬಾಳು ಹೊಲ ನೋಡಿಕೊಳ್ಳುತ್ತಾನೆ, ಸೊಸೆ ಅನ್ನಪೂರ್ಣಾ ಕೇಳುವ ಮೊದಲೇ ಚಹಾ ತಂದಿಡುತ್ತಾಳೆ. ಮನೆ ತುಂಬ ಮಂದಿ ಇದ್ದಾರೆ. ಆದರೆ ನಾನು 'ಆವತ್ತ ಹಿಂಗಾಗಿತ್ತು' ಎಂದು ಶುರು ಮಾಡಿದರೆ 'ಹೌದ ನೋಡು' ಅನ್ನುವವರು ಒಬ್ಬರೂ ಉಳಿದಿಲ್ಲ. ನಮ್ಮ ಓಣಿಯ ಹಣಮಂತಪ್ಪ ಒಬ್ಬನಿದ್ದ, ಕಳೆದ ಶ್ರಾವಣದಲ್ಲಿ ಅವನೂ ಹೋದ. ನಿಮ್ಮ ಮೋಟಾರು ಕಾರಿನ ಮಾತು ತೆಗೆದರೆ ಮೊಮ್ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ಮುದುಕ ಕಥೆ ಕಟ್ಟುತ್ತಾನೆ ಎಂದು ಅವರ ತಿಳಿವಳಿಕೆ. ಹೊರಗೆ ಹಿಡಿಕೆ ಇಲ್ಲದ ಬಾಗಿಲು, ಗುಂಡಿ ಒತ್ತಿದರೆ ತಾನಾಗಿಯೇ ತೆರೆಯುತ್ತಿತ್ತು ಎಂದರೆ ಯಾರು ನಂಬುತ್ತಾರೆ ಹೇಳು.

ಈಗ ಪತ್ರ ಬರೆಯಲು ಕಾರಣವಾದವಳು ಶೀತಲ. ನಿನಗೆ ಗೊತ್ತಿರುವ ಹುಡುಗಿಯೇ. ಕೊಲ್ಲಾಪುರದವಳು, ಹಳೆಯ ಕಾಲದಲ್ಲಿ ಕೈಯಿಂದ ಬಾಡಿ ಕಟ್ಟಿದ ಮೋಟಾರುಗಳನ್ನು ಹುಡುಕಿ ರಿಪೇರಿ ಮಾಡುವುದು ಅವಳ ಉದ್ಯೋಗ. ತಾಯಿ ರಾಮದುರ್ಗದವಳಂತೆ, ಹಾಗಾಗಿ ಕನ್ನಡ ನಮ್ಮ ಹಾಗೆಯೇ ಮಾತಾಡುತ್ತಾಳೆ. ಸಂಕ್ರಾಂತಿಯಾದ ಮೇಲೆ ಒಂದು ದಿನ ಊರಿಗೆ ಬಂದು ಸಾಹುಕಾರರ ಮೋಟಾರಿನ ಬಗ್ಗೆ ವಿಚಾರಿಸಿದ್ದಾಳೆ. ಮಂದಿ ನಕ್ಕು, ಆ ಹುಚ್ಚು ಇರುವವನು ಒಬ್ಬನೇ ಎಂದು ನಮ್ಮ ಮನೆ ತೋರಿಸಿದ್ದಾರೆ.

ಕಟ್ಟೆಯ ಮೇಲೆ ಕುಳಿತು ಅವಳು ಒಂದು ಫೋಟೋ ತೆಗೆದು ನನ್ನ ಕೈಗೆ ಕೊಟ್ಟಳು. ೧೯೫೪ರ ಮುಂಬಯಿ ಪ್ರದರ್ಶನದ್ದು. ಎತ್ತರದ ವೇದಿಕೆ, ಸುತ್ತ ಹೂವಿನ ಕುಂಡ, ನಡುವೆ ನಮ್ಮ ಮೋಟಾರು. ಫೋಟೋ ಕಪ್ಪು ಬಿಳುಪು, ಆದರೆ ನನಗೆ ಬಣ್ಣ ಕಂಡಿತು. ಮೇಲೆ ಹಾಲಿನ ಕೆನೆ, ಕೆಳಗೆ ನೇರಳೆ ಹಣ್ಣು. ಕಣ್ಣಲ್ಲಿ ದಳದಳ ನೀರು ಬಂತು. ಮೊಮ್ಮಕ್ಕಳನ್ನು ಕೂಗಿ ಕರೆದು ತೋರಿಸಿದೆ. ಅವರು ಆಗಲೂ ಬಾಯಿ ಮುಚ್ಚಿಕೊಂಡು ನಕ್ಕರು, ಅದು ಬೇರೆ ಮಾತು.

ಆ ಮೇಲೆ ಅವಳು ಪುಣೆಯಲ್ಲಿ ನಿನ್ನನ್ನು ಕಂಡು ಬಂದ ಸುದ್ದಿ ಹೇಳಿದಳು. ನೀನು ಚೆನ್ನಾಗಿದ್ದೀ, ಕೋಲು ಹಿಡಿದು ತಿರುಗಾಡುತ್ತೀ ಎಂದು ಕೇಳಿ ಸಂತೋಷವಾಯಿತು. ಆಮೇಲೆ ಅವಳು ಹೇಳಿದ ಮಾತು ಇದು. ಒಂದಕ್ಷರ ಕೂಡಿಸಿಲ್ಲ, ಬಿಟ್ಟಿಲ್ಲ.

"ಹೋಗಬ್ಯಾಡ, ದಂಡ ಅಂದ್ರು ಅವರು. ಆ ಗಾಡೀನ ಡ್ರೈವರ್ ಎಂದೋ ತುಂಡು ತುಂಡು ಮಾಡಿ ಗುಜರಿಗೆ ಮಾರಿಕೊಂಡಾನಂತ. ಮನಿ ನಂಬಿಕಿ ಮನಶಾ ಅಂತ ಬಿಟ್ಟು ಬಂದಿದ್ದರಂತ, ಅವನಽ ಕೈ ಕೊಟ್ಟನಂತ."

ಅವಳಿಗೆ ನಾನು ಯಾರು ಎಂದು ಗೊತ್ತಿರಲಿಲ್ಲ. ಆ ಡ್ರೈವರ್ ಮಾಳಪ್ಪ ನಮ್ಮಪ್ಪ ಎಂದೆ. ಹುಡುಗಿ ಚಹಾದ ಕಪ್ಪು ಕೆಳಗಿಟ್ಟಳು. ಎರಡೂ ಕೈ ಮುಗಿದು ತಪ್ಪಾಯಿತು ಎಂದಳು. ತಪ್ಪು ನಿನ್ನದಲ್ಲ ತಂಗಿ, ಚಹಾ ಕುಡಿ ಎಂದೆ.

ಸುಭಾಸ, ನಮ್ಮಪ್ಪ ಮೋಟಾರು ಮಾರಿಲ್ಲ. ಒಂದು ನಟ್ಟು ಸಹ ಮಾರಿಲ್ಲ. ಅದು ನಮ್ಮ ಹೊಲದ ಬದುವಿನಲ್ಲಿ, ಬೇವಿನ ಗಿಡದ ಕೆಳಗೆ, ಮಣ್ಣಿನಲ್ಲಿತ್ತು. ಅಪ್ಪ ಅದಕ್ಕೆ ಮಣ್ಣು ಕೊಟ್ಟಿದ್ದ. ನೀನು ಇಷ್ಟು ವರ್ಷ ಏನೆಂದು ತಿಳಿದಿದ್ದೆಯೋ ಅದು ನನಗೆ ಸಂಕ್ರಾಂತಿಯ ತನಕ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಸುಮ್ಮನೆ ಕೂಡಲು ಆಗಲಿಲ್ಲ.

ನೀನು ಮರೆತಿರಬಹುದು, ಅದಕ್ಕೆ ಬರೆಯುತ್ತೇನೆ. ನಿಮ್ಮ ಅಪ್ಪಾಜಿ ಹತ್ತಿಯ ವ್ಯಾಪಾರಕ್ಕೆ ಮುಂಬಯಿಗೆ ಹೋದವರು ಪ್ರದರ್ಶನಕ್ಕೆ ಹೋಗಿ ಮೋಟಾರು ಕೊಂಡು ಬಂದರು. ಇಂಜಿನ್ನು, ಚಾಸಿ ವಿಲಾಯಿತಿಯಿಂದ ಬಂದದ್ದು. ಅದರ ಮೇಲೆ ಮುಂಬಯಿಯ ಒಬ್ಬ ಪಾರ್ಸಿ ಕಾರಾಗೀರ ಸಾಗವಾನಿಯ ಚೌಕಟ್ಟು ಕಟ್ಟಿ, ಅಲ್ಯುಮಿನಿಯಂ ತಗಡನ್ನು ಸುತ್ತಿಗೆಯಿಂದ ಬಡಿದು ಬಡಿದು ಬಾಡಿ ಕೂಡಿಸಿದ್ದ. ಪ್ರದರ್ಶನಕ್ಕೆಂದೇ ಒಂದೇ ಒಂದು ಮಾಡಿದ್ದ, ಎರಡನೆಯದು ಮಾಡಲೇ ಇಲ್ಲ. ಒಳಗೆ ಕೆಂಪು ಚರ್ಮದ ಸೀಟು. ನಿಮ್ಮ ಅಜ್ಜಿ ಕೆಂಚವ್ವ 'ಲಿಂಗ ಕಟ್ಟಿಕೊಂಡಾಕಿ ಚರ್ಮದ ಮ್ಯಾಲ ಕುಂದರಲೇನು' ಎಂದು ಹಟ ಹಿಡಿದು ಕೂತಾಗ, ನಮ್ಮವ್ವ ಶಟ್ಟೆವ್ವ ಮನೆಯಲ್ಲಿ ನೇಯ್ದ ಕರಿ ಕಂಬಳಿ ತಂದು ಸೀಟಿನ ತುಂಬ ಹೊದಿಸಿದಳು. ಮುಂಬಯಿಯವರು ನೋಡಿ ಚಪ್ಪಾಳೆ ತಟ್ಟಿದ ಮೋಟಾರು ನಮ್ಮೂರಲ್ಲಿ ಕುರಿ ಉಣ್ಣೆಯ ವಾಸನೆ ಹೊಡೆಯುತ್ತ ತಿರುಗಿತು. ಕಿತ್ತೂರಿಗೆ ಹೋದರೆ ಸಂತೆಯೇ ನಿಂತು ನೋಡುತ್ತಿತ್ತು. ಸವದತ್ತಿಯ ದಾರಿಯಲ್ಲಿ ಹೆಣ್ಣುಮಕ್ಕಳು ಇದೂ ಯಾವುದೋ ದೇವರೇ ಇರಬೇಕೆಂದು ಕೈ ಮುಗಿಯುತ್ತಿದ್ದರು. ಹತ್ತಿ ಪೇಟೆಯ ಮುಂದೆ ನೀನು ಗುಂಡಿ ಒತ್ತಿದ್ದು, ಬಾಗಿಲಿಗೆ ಒರಗಿದ್ದ ನಾನು ಹೊರಗೆ ಉರುಳಿ ಗದ್ದ ಒಡೆದುಕೊಂಡದ್ದು ನೆನಪಿದೆಯೇ. ಗಾಯದ ಗುರುತು ಇನ್ನೂ ಇದೆ, ಕ್ಷೌರದವನು ಅಲ್ಲಿ ಹುಷಾರಾಗಿ ಬ್ಲೇಡು ಆಡಿಸುತ್ತಾನೆ.

ಊರು ಬಿಡುವ ದಿನ ನಿಮ್ಮ ಅಪ್ಪಾಜಿ ಹೇಳಿದ್ದು ಇಷ್ಟೇ: "ಮಾಳಪ್ಪಾ, ನಾ ಬರೂತನಕಾ ಇದನ್ನ ನೋಡಿಕೋ." ಅವರು ಬರಲಿಲ್ಲ. ಅಪ್ಪ ನೋಡಿಕೊಂಡ. ಪ್ರತಿ ಸೋಮವಾರ ತೊಳೆದು, ಇಂಜಿನ್ನು ಶುರು ಮಾಡಿ, ಊರ ಅಗಸಿ ಬಾಗಿಲ ತನಕ ಒಬ್ಬನೇ ಹೋಗಿ ಬರುತ್ತಿದ್ದ. ಹಿಂದಿನ ಸೀಟು ಖಾಲಿ, ಆದರೂ ಇಳಿದು ಬಂದು ಹಿಂದಿನ ಬಾಗಿಲು ತೆರೆದು ಮುಚ್ಚುತ್ತಿದ್ದ. ಎಂಬತ್ತನಾಲ್ಕರಲ್ಲಿ ಇಂಜಿನ್ನು ಹಿಡಿದುಕೊಂಡು ನಿಂತುಹೋಯಿತು. ಆಮೇಲೆ ತೊಳೆಯುವುದಷ್ಟೇ ಉಳಿಯಿತು. ಹುಬ್ಬಳ್ಳಿಯ ಗುಜರಿಯವನು ಮೂರು ಸಲ ಬಂದ. ಮೂರನೆಯ ಸಲ ಅಪ್ಪ ಬಾರಕೋಲು ತೆಗೆದುಕೊಂಡ, ಅವನು ಮತ್ತೆ ಬರಲಿಲ್ಲ.

ಎಂಬತ್ತೊಂಬತ್ತರಲ್ಲಿ ನಿಮ್ಮ ವಾಡೆ ಬೇರೆಯವರ ಪಾಲಾಯಿತು. ಕಾಗದಪತ್ರ ಎಲ್ಲ ಪುಣೆಯಲ್ಲೇ ಆಗಿತ್ತು, ನಮಗೆ ಗೊತ್ತಾದದ್ದು ಹೊಸ ಮಾಲಕರು ಬಂದು ಕೀಲಿಕೈ ಕೇಳಿದಾಗ. ಮೋಟಾರು ತೆಗೆಯಲು ಹದಿನೈದು ದಿನ ಗಡುವು ಕೊಟ್ಟರು. ನಮ್ಮದು ಎರಡು ಅಂಕಣದ ಮನೆ, ಎಲ್ಲಿಡುವುದು? ಹೊರಗೆ ನಿಲ್ಲಿಸಿದರೆ ಮಂದಿ ಒಂದೊಂದೇ ಬಿಚ್ಚಿಕೊಂಡು ಹೋಗುತ್ತಾರೆ. ಅಪ್ಪ ಮೂರು ದಿನ ಅನ್ನ ಬಿಟ್ಟು ಕುಳಿತ. ಕೊನೆಗೆ ಎದ್ದು ಅಂದ: "ದುಡಿದ ಎತ್ತು ಮುಪ್ಪಾತಂತ ಕಟುಕರ ಕೈಯಾಗ ಕೊಡತೀವೇನು? ಹೊಲದಾಗ ಮಣ್ಣ ಕೊಡತೀವಿ. ಇದಕ್ಕೂ ಹಂಗಽ ಆಗಲಿ."

ಯಾರನ್ನು ಕೇಳಿ ಹೂಳಿದಿರಿ ಎಂದು ನೀನು ಕೇಳಬಹುದು. ಕೇಳುವ ಹಕ್ಕು ನಿನಗಿದೆ. ಅದನ್ನು ಬರೆಯಲು ಈಗ ಕೈ ಏಳುತ್ತಿಲ್ಲ, ಮುಂದಿನದು ಹೇಳುತ್ತೇನೆ.

ಹನ್ನೆರಡು ಮಂದಿ ನಾಲ್ಕು ದಿನ ಕುಣಿ ತೋಡಿದೆವು, ಅವರಲ್ಲಿ ಈಗ ಉಳಿದವನು ನಾನೊಬ್ಬನೇ. ಎರಡು ಜೋಡಿ ಎತ್ತು ಹೂಡಿ ಎಳೆದು ತಂದೆವು. ಹಗ್ಗದ ಒಂದು ತುದಿ ನಾನು, ಒಂದು ತುದಿ ಹಣಮಂತಪ್ಪ ಹಿಡಿದಿದ್ದೆವು. ಅವ್ವ ವಿಭೂತಿ ಬಡಿದು ಕುಂಕುಮ ಹಚ್ಚಿದಳು. ನಮ್ಮವರು ಡೊಳ್ಳು ಬಾರಿಸಿದರು. ಅಪ್ಪ ಜಾಕು, ಪಾನಾ, ಹಾರ್ನು, ಸ್ಟೆಪ್ನಿ, ಎಲ್ಲ ಒಳಗಿಟ್ಟು, ಕೀಲಿಕೈ ಅದರ ತೂತಿನಲ್ಲೇ ಬಿಟ್ಟು, ಹಿಂದಿನ ಬಾಗಿಲು ಒಮ್ಮೆ ತೆರೆದು ಮುಚ್ಚಿದ. ಸತ್ತವರಿಗೆ ಹಾಕುವ ಹಾಗೆ ಎರಡು ಚೀಲ ಉಪ್ಪು ಸುರುವಿದೆವು. ಮೇಲೆ ಮಣ್ಣೆಳೆದ ಮೇಲೆ ಎಲ್ಲರ ಎದುರು ನನ್ನ ಕೈ ಹಿಡಿದು ಅಪ್ಪ ಭಾಷೆ ತೆಗೆದುಕೊಂಡ, ಮಣ್ಣು ಕೊಟ್ಟದ್ದನ್ನು ಯಾರೂ ತಿರುಗಿ ತೆಗೆಯಬಾರದು ಎಂದು. ತೆಗೆಯುವುದಿಲ್ಲ ಎಂದು ನಾನು ಅಂದೆ. ತೊಂಬತ್ತಾರರಲ್ಲಿ ಅಪ್ಪ ತೀರಿಕೊಂಡ.

ಈಗ ನನ್ನ ಗತಿ ನೋಡು. ತೆಗೆಯದಿದ್ದರೆ ಅಪ್ಪ ಕಳ್ಳನೆಂದೇ ಉಳಿಯುತ್ತಾನೆ. ತೆಗೆದರೆ ಅಪ್ಪನಿಗೆ ಕೊಟ್ಟ ಭಾಷೆ ಹೋಗುತ್ತದೆ. ಯಾರನ್ನು ಕೇಳಲಿ? ಭಾಗೀರಥಿ ಇದ್ದಿದ್ದರೆ ಬೈದಾದರೂ ಒಂದು ದಾರಿ ಹೇಳುತ್ತಿದ್ದಳು. ಬಾಳುವಿಗೆ ಕೇಳಿದರೆ ಜೆಸಿಬಿ ತರಲೇ ಅನ್ನುತ್ತಾನೆ, ಅವನಿಗೆ ಎಲ್ಲದಕ್ಕೂ ಜೆಸಿಬಿ. ಒಂದು ದಿನ ಬೈಲಹೊಂಗಲಕ್ಕೆ ಹೋಗಿ ನನ್ನ ಹಳೆಯ ರೂಟಿನ ಬಸ್ಸು ಹತ್ತಿ ರಾಮದುರ್ಗದ ತನಕ ಸುಮ್ಮನೆ ಹೋಗಿ ಬಂದೆ. ಡ್ರೈವರನ ಹಿಂದಿನ ಸೀಟಿನಲ್ಲೇ ಕುಳಿತಿದ್ದೆ. ಅವನಿಗೆ ನನ್ನ ಗುರುತಿಲ್ಲ, ಕಂಡಕ್ಟರನಿಗೂ ಇಲ್ಲ. ಸವದತ್ತಿ ಸ್ಟ್ಯಾಂಡಿನಲ್ಲಿ ನಾನು ದಿನಾ ಚಹಾ ಕುಡಿಯುತ್ತಿದ್ದ ಅಂಗಡಿಯಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ತಿರುಗಿ ಬರುವಾಗ ಗಟ್ಟಿ ಮಾಡಿಕೊಂಡೆ. ಭಾಷೆ ಮುರಿದ ಪಾಪ ನನ್ನದು, ಇನ್ನೆಷ್ಟು ವರ್ಷ ಇರುತ್ತೇನೆ, ಹೊತ್ತುಕೊಳ್ಳುತ್ತೇನೆ. ಹೆಸರು ಅಪ್ಪನದು. ಅವನು ಎದ್ದು ಬಂದು ತನ್ನ ಪರವಾಗಿ ಮಾತಾಡಲಾರ.

ಇದೇ ತಿಂಗಳು ಕಡಲೆ ಕಿತ್ತ ಮೇಲೆ ಅಗೆದೆವು. ಬಾಳುವಿನ ಜೆಸಿಬಿಯನ್ನು ಶೀತಲ ನಾಲ್ಕು ಅಡಿಗೆ ನಿಲ್ಲಿಸಿದಳು. ಅಲ್ಲಿಂದ ಕೆಳಗೆ ಕೈಯಿಂದಲೇ, ಬುಟ್ಟಿ ಬುಟ್ಟಿ. ಮೊದಲು ಗಾಜು ಕೈಗೆ ಹತ್ತಿತು. ಮುಂದಿನ ದೊಡ್ಡ ಗಾಜು ಬಿರುಕಿಲ್ಲದೆ ಹಾಗೆಯೇ ಇತ್ತು. ಊರ ಮಂದಿ ಕುಣಿಯ ಸುತ್ತ ನಿಂತಿದ್ದರು. ನಕ್ಕವರೆಲ್ಲ ಬಾಯಿ ಮುಚ್ಚಿಕೊಂಡರು. ನನ್ನ ಎದೆ ಇಷ್ಟೆತ್ತರ ಆಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ತಗಡು ಇರಲಿಲ್ಲ. ಎಲ್ಲಿ ಕೈ ಇಟ್ಟರೂ ಬೆಳ್ಳಗಿನ ಪುಡಿ, ವಿಭೂತಿಯ ಹಾಗೆ ಬೆರಳಿಗೆ ಹತ್ತುತ್ತಿತ್ತು. ಕಬ್ಬಿಣವೆಲ್ಲ ಪದರು ಪದರಾಗಿ ಉದುರಿತು. ಶೀತಲ ಆ ಪುಡಿಯನ್ನು ನಾಲಿಗೆಯ ತುದಿಗೆ ಇಟ್ಟು ನೋಡಿ ನನ್ನ ಕಡೆ ತಿರುಗಿದಳು.

"ಅಜ್ಜಾರ, ಉಪ್ಪು ಹಾಕಿದ್ರೇನು?"

"ಎರಡು ಚೀಲ ಹಾಕಿದ್ವಿ" ಎಂದೆ. "ಸತ್ತವರಿಗೆ ಹಾಕಬೇಕಲ್ಲ."

ಅವಳು ಬೆರಳಿನ ಪುಡಿ ಒರೆಸಿಕೊಂಡು ಕುಣಿಯಲ್ಲೇ ಕುಕ್ಕರಗಾಲಿನಲ್ಲಿ ಕುಳಿತಳು. ಆಮೇಲೆ ಮೆಲ್ಲಗೆ ತಿಳಿಸಿ ಹೇಳಿದಳು. ಬರಿಯ ಮಣ್ಣಿನಲ್ಲಿ ಇಟ್ಟಿದ್ದರೆ ತಗಡು ಇಷ್ಟು ಹಾಳಾಗುತ್ತಿರಲಿಲ್ಲವಂತೆ. ಕಬ್ಬಿಣ, ಅಲ್ಯುಮಿನಿಯಂ ಕೂಡಿದ ಕಡೆ ಉಪ್ಪು ಸೇರಿದರೆ ಒಂದನ್ನೊಂದು ತಿಂದುಹಾಕುತ್ತವೆಯಂತೆ. ನಾವು ಮರ್ಯಾದೆ ಎಂದು ಹಾಕಿದ ಉಪ್ಪೇ ಅದನ್ನು ತಿಂದಿತು. ನನಗೆ ಮೊದಲು ನಗು ಬಂತು, ಆಮೇಲೆ ಅಲ್ಲೇ ಒಡ್ಡಿನ ಮೇಲೆ ಕುಳಿತು ಅತ್ತುಬಿಟ್ಟೆ. ಬಾಳು ಬಂದು ಪಕ್ಕದಲ್ಲಿ ಕುಳಿತ. ನೀರಿನ ಬಾಟಲಿ ಕೊಟ್ಟ.

ಉಳಿದದ್ದು ಸಾಗವಾನಿಯ ಚೌಕಟ್ಟು. ಅಲ್ಲಲ್ಲಿ ಗೊರಲೆ ಹುಳ ಹತ್ತಿದೆ, ಆದರೆ ಮೋಟಾರಿನ ಮೈಕಟ್ಟು ಪೂರಾ ಹಾಗೆಯೇ ನಿಂತಿದೆ, ಬಾಗಿದ ಬೆನ್ನು, ಹಿಂದಿನ ಮೀನಿನ ರೆಕ್ಕೆ ಸಹಿತ. ತಗಡಿನ ಒಳಗೆ ಆ ಕಾರಾಗೀರ ಯಾವ ಕಟ್ಟಿಗೆಯನ್ನು ಯಾವುದಕ್ಕೆ ಹೇಗೆ ಕೂಡಿಸಿದ್ದನೆಂದು ಇಷ್ಟು ದಿನ ಯಾರಿಗೂ ಗೊತ್ತಿರಲಿಲ್ಲವಂತೆ. ಶೀತಲ ಮೂರು ದಿನ ಅಳತೆ ತೆಗೆದುಕೊಂಡಳು. ಇದನ್ನು ನೋಡಿ ಹೊಸ ತಗಡು ಬಡಿದು ಮತ್ತೆ ಕಟ್ಟಬಹುದು ಅನ್ನುತ್ತಾಳೆ. ಜಾಕು, ಪಾನಾ, ಹಾರ್ನು, ಕೀಲಿಕೈ, ಎಲ್ಲ ತುಕ್ಕು ಹಿಡಿದು ಇಟ್ಟಲ್ಲೇ ಇದ್ದವು. ಒಂದೂ ಕಡಿಮೆ ಇರಲಿಲ್ಲ. ಹಿತ್ತಾಳೆಯ ಒಂದು ಫಲಕ ಸಿಕ್ಕಿತು, ಇಂಗ್ಲಿಷಿನಲ್ಲಿ 'ಬಾಡಿ ನಂಬರ್ ೧' ಎಂದಿದೆ. ಅದರ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚನ್ನು ಇದರ ಜೊತೆ ಇಟ್ಟಿದ್ದೇನೆ. ಬೆಳಕಿಗೆ ಹಿಡಿದು ನೋಡು. ನಮ್ಮಪ್ಪ ಮಾರಿಕೊಂಡವನಲ್ಲ ಎಂದು ಆಗಲಾದರೂ ಒಪ್ಪುತ್ತೀಯೆಂದು ನಂಬಿದ್ದೇನೆ.

ಚೌಕಟ್ಟಿಗೆ ತಾಡಪತ್ರಿ ಹೊದಿಸಿ ಹೊಲದಲ್ಲೇ ಇಟ್ಟಿದ್ದೇನೆ. ಅದು ನಿನ್ನದು. ಶೀತಲಳಿಗೆ ಕೊಡು ಎಂದರೆ ಕೊಡುತ್ತೇನೆ, ತಿರುಗಿ ಹೂಳು ಎಂದರೆ ಹೂಳುತ್ತೇನೆ, ಈ ಸಲ ಉಪ್ಪು ಹಾಕುವುದಿಲ್ಲ. ನೀನೇ ಬಂದು ನೋಡಿದರೆ ಇನ್ನೂ ಒಳ್ಳೆಯದು. ಧಾರವಾಡದಲ್ಲಿ ಇಳಿದರೆ ದೊಡವಾಡಕ್ಕೆ ಬಸ್ಸು ಇವೆ. ನಾನೇ ಸ್ಟ್ಯಾಂಡಿಗೆ ಬರುತ್ತೇನೆ. ನಾವಿಬ್ಬರೂ ಒಬ್ಬರನ್ನೊಬ್ಬರು ಗುರುತು ಹಿಡಿಯುವುದು ಕಷ್ಟವಾದೀತು, ಅದಕ್ಕೆ ಹಳದಿ ರುಮಾಲು ಸುತ್ತಿಕೊಂಡು ನಿಲ್ಲುತ್ತೇನೆ.

ನಿನ್ನ ಮನೆಯ ಸಣ್ಣವರಿಗೆಲ್ಲ ನನ್ನ ಆಶೀರ್ವಾದ. ದೇವರು ನಿನ್ನ ಕಾಲಲ್ಲಿ ಇನ್ನಷ್ಟು ಶಕ್ತಿ ಇಡಲಿ, ಕಣ್ಣು ಚೆನ್ನಾಗಿರಲಿ, ಹೊಟ್ಟೆ ತುಂಬ ಉಂಡು ಕಣ್ಣು ತುಂಬ ನಿದ್ದೆ ಮಾಡು.

ನಿನ್ನ,
ಮುತ್ತಪ್ಪ ಮಾಳಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಯಾರನ್ನು ಕೇಳಿ ಹೂಳಿದಿರಿ ಎಂಬ ಮಾತಿಗೆ ಉತ್ತರ ಕೊಡದೆ ಕಳಿಸಿದರೆ ಬರೆದದ್ದೆಲ್ಲ ಅರ್ಧ ಆಗುತ್ತದೆ.

ವಾಡೆಯವರು ಕೊಟ್ಟ ಆ ಹದಿನೈದು ದಿನದ ಗಡುವಿನಲ್ಲಿ ಅಪ್ಪ ನನ್ನನ್ನು ಪುಣೆಗೆ ಕಳಿಸಿದ್ದ, ನಿನ್ನ ಮಾತು ತೆಗೆದುಕೊಂಡು ಬಾ ಎಂದು. ಅವ್ವ ಶೇಂಗಾದ ಹೋಳಿಗೆ ಕಟ್ಟಿಕೊಟ್ಟಿದ್ದಳು. ನಿನ್ನ ಕಾರ್ಡಿನ ವಿಳಾಸ ಹಿಡಿದು ಮನೆ ಹುಡುಕಿ ಬಾಗಿಲು ಬಡಿದಾಗ ಮಧ್ಯಾಹ್ನ ಎರಡು ಗಂಟೆ. ಬಾಗಿಲು ತೆರೆದ ಹೆಣ್ಣುಮಗಳೊಬ್ಬರು ನನ್ನ ಹೆಸರು, ಊರು ಕೇಳಿ ಒಳಗೆ ಹೋಗಿ ಬಂದು, ಅವರು ಮನೆಯಲ್ಲಿಲ್ಲ, ಬೇರೆ ಊರಿಗೆ ಹೋಗಿದ್ದಾರೆ ಎಂದರು. ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿ ನೀನು ಕೆಮ್ಮಿದೆ. ನಿನ್ನ ಕೆಮ್ಮು ನನಗೆ ಗೊತ್ತಿಲ್ಲವೇ? ಹತ್ತು ವರ್ಷ ಒಂದೇ ಬೆಂಚಿನ ಮೇಲೆ ಕುಳಿತವನು ನಾನು. ಹೋಳಿಗೆಯ ಗಂಟು ಹೊಸ್ತಿಲ ಮೇಲಿಟ್ಟು ಇಳಿದು ಬಂದೆ. ನಿನಗೆ ಆಗ ಏನು ತಾಪತ್ರಯ ಇತ್ತೋ, ಎಂಥ ಸಂಕಟ ಇತ್ತೋ, ನನಗೆ ಗೊತ್ತಿಲ್ಲ. ಕೇಳುವುದೂ ಇಲ್ಲ.

ಊರಿಗೆ ಬಂದು ಅಪ್ಪನಿಗೆ ಸುಳ್ಳು ಹೇಳಿದೆ. ಸುಭಾಸ ನನ್ನನ್ನು ತೆಕ್ಕೆಗೆ ಹಾಕಿಕೊಂಡ, ತನ್ನ ಗಂಗಾಳದಲ್ಲೇ ಉಣ್ಣಿಸಿದ, "ಮಾಳಪ್ಪ ಕಾಕಾನ ಕೈಯಾಗ ಇರೂದಂದ್ರ ನಮ್ಮಪ್ಪನ ಕೈಯಾಗ ಇದ್ದಂಗ, ಅವನಿಗೆ ತಿಳಿದಂಗ ಮಾಡಲಿ" ಎಂದು ಹೇಳಿ ಕಳಿಸಿದ ಎಂದೆ. ಅಪ್ಪ ಅತ್ತ. ಆ ಮಾತಿನ ಮೇಲೆಯೇ ಅವನು ಕುಣಿ ತೋಡಿಸಿದ್ದು. ಆಮೇಲೆ ಏಳು ವರ್ಷ ಬಂದವರಿಗೆಲ್ಲ ಅದನ್ನೇ ಹೇಳಿದ. ಸಾಯುವ ದಿನ ಸಹ ಸುಭಾಸ ಏನಂದ, ಇನ್ನೊಮ್ಮೆ ಹೇಳು ಎಂದ. ಹೇಳಿದೆ.

ಹೇಳಿ ಹೇಳಿ, ಅದು ನೀನೇ ಆಡಿದ ಮಾತೆಂದು ನನಗೂ ಅನಿಸತೊಡಗಿತ್ತು. ಶೀತಲ ಬಂದು ನಿನ್ನ ಮಾತು ಹೇಳುವ ತನಕ ನಾನು ಹಾಗೆಯೇ ಇದ್ದೆ, ಪುಣೆಯಲ್ಲಿ ನನಗೊಬ್ಬ ಗೆಳೆಯ ಇದ್ದಾನೆಂದು ನಂಬಿಕೊಂಡು. ಚೌಕಟ್ಟಿನ ವಿಷಯಕ್ಕೆ ಉತ್ತರ ಬರೆಯದಿದ್ದರೆ ನಡೆಯುತ್ತದೆ. ನಿನ್ನ ಹೆಸರಿನಲ್ಲಿ ನಾನು ಅಪ್ಪನಿಗೆ ಹೇಳಿದ ಆ ಒಂದು ಮಾತನ್ನು ನಿನ್ನ ಕೈಯಿಂದ ಒಂದು ಕಾರ್ಡಿನ ಮೇಲೆ ಬರೆದು ಕಳಿಸು. ಅಪ್ಪನಿಗೆ ಇನ್ನು ಅದರ ಅವಶ್ಯಕತೆ ಇಲ್ಲ, ನನಗೆ ಬೇಕು.